ಆರ್ನಿಸ್ ಕ್ಲಾಸಿನಲ್ಲಿ ಬೆರಳಿಗೆ ಏಟು ಬಿತ್ತು. ಚಾಕು ವರಸೆ ಶುರುವಾಗುವ ಮುಂಚೆ ಕೆಲವು ಪ್ರಶ್ನೆ

ಶಿರಸಿ_ದಾವಾವೋ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಒಂದು ಹಳ್ಳಿಯವನು. ಫಿಲಿಪ್ಪೀನ್ಸ್‌ನ ದಾವಾವೋದಲ್ಲಿ ಮೆಡಿಕಲ್ ಓದುತ್ತಿದ್ದೇನೆ, ಇದು ಎರಡನೇ ವರ್ಷ. ಮೂರು ತಿಂಗಳಿಂದ ವಾರಕ್ಕೆ ಎರಡು ಸಂಜೆ ಆರ್ನಿಸ್ ಕ್ಲಾಸಿಗೆ ಹೋಗುತ್ತಿದ್ದೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಇಲ್ಲಿಯ ಕೋಲು ವರಸೆ. ಎಸ್ಕ್ರಿಮಾ ಅಂತಲೂ ಕರೆಯುತ್ತಾರೆ, ಹೊರದೇಶದವರು ಕಾಲಿ ಅನ್ನುವುದು ಜಾಸ್ತಿ. 2009ರಲ್ಲಿ ಕಾನೂನು ಮಾಡಿ ಇದನ್ನು ಇಲ್ಲಿಯ ರಾಷ್ಟ್ರೀಯ ಕ್ರೀಡೆ ಅಂತ ಘೋಷಿಸಿದ್ದಾರೆ. ಶಾಲೆ ಮಕ್ಕಳಿಗೂ ಪಿಟಿ ಪೀರಿಯಡ್ಡಿನಲ್ಲಿ ಕಲಿಸುತ್ತಾರೆ.

ಕ್ಲಾಸು ತುಂಬ ಇಷ್ಟವಾಗಿದೆ. ದಿನವಿಡೀ ಅನಾಟಮಿ ಓದಿ ತಲೆ ಭಾರವಾದಾಗ, ಎರಡು ಬೆತ್ತದ ಕೋಲು ಹಿಡಿದು ಒಂದು ತಾಸು ಸಿನವಾಲಿ ಅನ್ನುವ ಜೋಡಿ ಕೋಲಿನ ವರಸೆ ಆಡಿದರೆ ಹಗುರಾಗುತ್ತದೆ. ಆದರೆ ಹೋದ ವಾರ ಜೊತೆಗಾರನ ಕೋಲು ಜಾರಿ ನನ್ನ ಬಲಗೈ ತೋರುಬೆರಳಿನ ಗೆಣ್ಣಿಗೆ ಬಿತ್ತು. ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ. ಊತ ಮಾತ್ರ ಇನ್ನೂ ಇಳಿದಿಲ್ಲ. ಮುಂದೆ ಸರ್ಜರಿ ಮಾಡುವ ಆಸೆ ಇರುವವನು ನಾನು, ಕೈ ಕೆಡಿಸಿಕೊಂಡರೆ ಹೇಗೆ? ನಮ್ಮ ಕ್ಲಾಸಿನಲ್ಲಿ ಯಾರೂ ಗ್ಲೌಸ್ ಹಾಕುವುದಿಲ್ಲ, ಕಣ್ಣಿಗೂ ಏನೂ ಇಲ್ಲ. ಕೇಳಿದರೆ ಸೀನಿಯರ್ ಒಬ್ಬ "ಅಭ್ಯಾಸವಾದ ಮೇಲೆ ಏಟು ಬೀಳುವುದಿಲ್ಲ" ಅಂದ. ಎಲ್ಲ ಕಡೆ ಹೀಗೇನಾ?

ಮುಂದಿನ ತಿಂಗಳು ಚಾಕು ವರಸೆ ಶುರುವಾಗುತ್ತದೆ. ಏನು ಎಚ್ಚರ ವಹಿಸಬೇಕು?

ಇನ್ನೊಂದು. ನನ್ನ ರೂಮ್‌ಮೇಟ್ ಬಟಾಂಗಾಸ್ ಕಡೆಯವನು. ಹುಟ್ಟುಹಬ್ಬಕ್ಕೆ ಅವನ ಊರಿನ ಬಾಲಿಸಾಂಗ್ ಕೊಟ್ಟ. ಎರಡು ಹಿಡಿ ಬಿಚ್ಚಿಕೊಂಡು ಮಧ್ಯದಿಂದ ಅಲಗು ಬರುತ್ತದಲ್ಲ, ಆ ಮಡಚುವ ಚಾಕು. ಲೈಬ್ರರಿಯಿಂದ ರಾತ್ರಿ ಹತ್ತಕ್ಕೆ ಒಬ್ಬನೇ ಬರುತ್ತೇನೆ, ಹಾಗಾಗಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಅಪ್ಪ ತೋಟಕ್ಕೆ ಹೊರಟರೆ ಸೊಂಟದ ಕೊಕ್ಕೆಯಲ್ಲಿ ಕತ್ತಿ ಇದ್ದೇ ಇರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಇಲ್ಲಿ ಹೇಗೆ? ರಜೆಗೆ ಬರುವಾಗ ಊರಿಗೆ ತರಬಹುದಾ?

---

ಬೆತ್ತದಕೋಲು ಬರೆದದ್ದು:

ತಮ್ಮ, ಮೊದಲು ಎದ್ದು ಆ ಬಾಲಿಸಾಂಗನ್ನು ಬ್ಯಾಗಿನಿಂದ ತೆಗೆದು ರೂಮಿನ ಕಪಾಟಿನಲ್ಲಿಡು. ಆಮೇಲೆ ಉಳಿದದ್ದು ಓದು. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ನಾನು ತಿಪಟೂರಿನವಳು. ಫಿಲಿಪ್ಪೀನ್ಸ್‌ನದೇ ಸೆಬುವಿಗೆ ಬಂದು ಹನ್ನೊಂದು ವರ್ಷವಾಯಿತು, ಇಲ್ಲಿ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಒಂಬತ್ತು ವರ್ಷದಿಂದ ಬಾಲಿಂತವಾಕ್ ಕಲಿಯುತ್ತಿದ್ದೇನೆ. ಇದು ಸೆಬುವಿನದೇ ಎಸ್ಕ್ರಿಮಾ. 1952ರಲ್ಲಿ ವೆನಾನ್ಸಿಯೋ ಬೇಕನ್ ಅನ್ನುವವರು ಶುರು ಮಾಡಿದ್ದು, ಆಗ ಅವರು ಸೇರುತ್ತಿದ್ದ ಬೀದಿಯ ಹೆಸರೇ ಈ ವರಸೆಗೆ ನಿಂತಿತು. ಒಂದೇ ಕೋಲು. ಇಬ್ಬರೂ ಕೈಗೆ ಕೈ ತಾಗುವಷ್ಟು ಹತ್ತಿರ ನಿಂತು ಆಡುತ್ತೇವೆ. ನಮ್ಮ ಗುರುಗಳಿಗೆ ಎಪ್ಪತ್ತು ದಾಟಿದೆ. ಅವರನ್ನು "ನೋಂಗ್" ಅಂತ ಕರೆಯುತ್ತೇವೆ, ನಮ್ಮಲ್ಲಿ ಅಣ್ಣಾ ಅನ್ನುವ ಹಾಗೆ. ಕ್ಲಾಸು ಅಂದರೆ ಅವರ ಮನೆ ಹಿತ್ತಲು, ತಗಡಿನ ಮಾಡು, ಒಂದು ಟ್ಯೂಬ್‌ಲೈಟು, ಅಷ್ಟೇ.

ಈಗ ಕಣ್ಣಿನ ವಿಷಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ನನಗೇ ಆಗಿದ್ದು.

ಮೂರನೇ ವರ್ಷ ಇರಬೇಕು. ನೋಂಗ್ ಅವರ ಹಿತ್ತಲಿಗೆ ನಾನಿನ್ನೂ ಸೇರಿರಲಿಲ್ಲ, ಬೇರೆ ಒಂದು ಕಡೆ ಕಲಿಯುತ್ತಿದ್ದೆ. ಆವತ್ತು ಜೊತೆಗಾತಿಯ ಕೋಲು ಹಳೆಯದು. ತುದಿ ಬಡಿದು ಬಡಿದು ಪೊರಕೆಯ ಹಾಗೆ ಆಗಿತ್ತು, ಎಳೆ ಎಳೆ ಕಾಣುತ್ತಿತ್ತು. ಬೆತ್ತದ ಗುಣವೇ ಅದು. ಬಿದಿರು ಸೀಳಿ ಚೂಪಾದ ಪಟ್ಟಿ ಏಳುತ್ತದೆ, ಬೆತ್ತ ಹಾಗೆ ಸೀಳುವುದಿಲ್ಲ, ನಾರು ನಾರಾಗಿ ಸವೆಯುತ್ತದೆ. ಅದಕ್ಕೇ ಜೋಡಿ ಆಟಕ್ಕೆ ಬೆತ್ತವನ್ನೇ ಬಳಸುತ್ತಾರೆ. ಆದರೆ ಸವೆದ ನಾರು ಹಾರುತ್ತದೆ. ನಾಲ್ಕನೇ ಏಟೋ ಐದನೇ ಏಟೋ, ಎರಡು ಕೋಲು ತಾಗಿದ್ದು ಕೇಳಿಸಿತು, ಎಡಗಣ್ಣಿನಲ್ಲಿ ಮರಳು ಎರಚಿದ ಹಾಗಾಯಿತು. ಕಣ್ಣು ಬಿಡಲು ಆಗಲಿಲ್ಲ. ಕಣ್ಣಿನ ಡಾಕ್ಟರು ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿ, ಕರಿಗುಡ್ಡೆಯ ಮೇಲಿನ ಪೊರೆಯಲ್ಲಿ ಗೆರೆ ಬಿದ್ದಿದೆ ಅಂದರು. ಅವರು ಚಿಮಟದಲ್ಲಿ ತೆಗೆದ ಸಿಬಿರು ನನ್ನ ಉಗುರಿನ ತುದಿಗಿಂತ ಚಿಕ್ಕದು. ಐದು ದಿನ ಆ್ಯಂಟಿಬಯಾಟಿಕ್ ಹನಿ, ಆಫೀಸಿಗೆ ರಜೆ. ಕಣ್ಣು ಉಳಿಯಿತು. ನನ್ನ ಜೊತೆಗಾತಿ ಒಂದು ಚೂರೂ ತಪ್ಪು ಮಾಡಿರಲಿಲ್ಲ. ಅವಳ ಏಟು ಸರಿಯಾದ ಜಾಗಕ್ಕೇ ಬಂದಿತ್ತು, ನನ್ನ ತಡೆಯೂ ಸರಿಯಿತ್ತು.

ನಿನ್ನ ಸೀನಿಯರ್ ಹೇಳಿದ್ದು ಇಲ್ಲೇ ತಪ್ಪುವುದು. ಅಭ್ಯಾಸವಾದರೆ ಏಟು ತಪ್ಪಿಸಬಹುದು, ಸಿಬಿರನ್ನು ತಪ್ಪಿಸಲಾಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರೈಂಡಿಂಗ್ ಮಾಡುವವರು ಹಾಕುವ ಪಾಲಿಕಾರ್ಬೊನೇಟ್ ಕನ್ನಡಕ ಸಿಗುತ್ತದೆ, ಪಕ್ಕದಲ್ಲೂ ಮುಚ್ಚಿರುವುದು. ಒಂದು ಊಟದ ದುಡ್ಡು ಅಷ್ಟೇ. ಓದುವ ಕನ್ನಡಕ ಅದರ ಬದಲಿಗೆ ಆಗುವುದಿಲ್ಲ, ಪಕ್ಕದಿಂದ ಬಂದದ್ದನ್ನು ಅದು ತಡೆಯುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಆಡಲೇಬೇಡ.

ಕೋಲನ್ನೂ ನೋಡಿಕೊಳ್ಳಬೇಕು. ಕ್ಲಾಸಿಗೆ ಮುಂಚೆ ಬೆರಳನ್ನು ಬುಡದಿಂದ ತುದಿವರೆಗೆ ಓಡಿಸು. ನಾರು ಎದ್ದಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ, ಇನ್ಸುಲೇಷನ್ ಟೇಪ್ ಸುತ್ತು. ಹಿಡಿದು ಬಗ್ಗಿಸಿದಾಗ ಮಧ್ಯದಲ್ಲಿ ಮೆತ್ತಗೆ ಅನಿಸಿದರೆ ಆ ಕೋಲಿನ ಕೆಲಸ ಮುಗಿಯಿತು, ಬಿಸಾಡು. ಕಾಮಗಾಂಗ್ ಮರದ ಕಪ್ಪು ಕೋಲು ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಕೊಳ್ಳುವ ಆಸೆಯಾಗುತ್ತದೆ. ಅದು ಒಬ್ಬರೇ ಗಾಳಿಯಲ್ಲಿ ಬೀಸಲು ಮಾತ್ರ. ಬೆತ್ತ ಏಟಿನ ಜೋರನ್ನು ಸ್ವಲ್ಪ ತಾನೇ ನುಂಗುತ್ತದೆ. ಕಾಮಗಾಂಗ್ ಅಷ್ಟನ್ನೂ ಮೂಳೆಗೆ ಕೊಡುತ್ತದೆ.

ಬೆರಳಿಗೆ ಬರುತ್ತೇನೆ. ನಿನ್ನ ಬೆರಳಿಗೆ ಏಟು ಬಿದ್ದದ್ದು ಬರೀ ಆಕಸ್ಮಿಕ ಅಲ್ಲ. ಈ ವಿದ್ಯೆಯಲ್ಲಿ ಕೈಯೇ ಗುರಿ. ಕತ್ತಿ ಹಿಡಿದ ಕೈಯನ್ನು ಹೊಡೆದರೆ ಕತ್ತಿ ತಾನೇ ಬೀಳುತ್ತದೆ, ಹಾವಿನ ಹಲ್ಲು ಕಿತ್ತ ಹಾಗೆ ಅನ್ನುತ್ತಾರೆ ಇಲ್ಲಿ. ಹಾಗಾಗಿ ನೂರು ಸಲ ಆಡಿದರೆ ಒಂದು ಸಲ ಕೈಗೆ ಬಿದ್ದೇ ಬೀಳುತ್ತದೆ. ಸಿನವಾಲಿಯಂಥ ನಿಧಾನದ ಜೋಡಿ ವರಸೆಯಲ್ಲಿ ಬರಿಗೈ ಸಾಕು, ಹಿಡಿತದ ಸೂಕ್ಷ್ಮ ಬರಿಗೈಯಲ್ಲೇ ಬರುವುದು. ವೇಗ ಜಾಸ್ತಿಯಾದ ಕ್ಷಣ ಗ್ಲೌಸ್ ಹಾಕು. ಬೆರಳಿನ ಮೇಲೆ ದಪ್ಪ ಪ್ಯಾಡ್ ಇರುವ, ಹಾಕಿ ಆಟದವರ ಗ್ಲೌಸ್ ಒಳ್ಳೆಯದು. ತೋಚಿದ ಹಾಗೆ ಏಟು ಕೊಟ್ಟು ಆಡುವ ಸ್ಪಾರಿಂಗಿಗೆ ಕಬ್ಬಿಣದ ಜಾಲರಿ ಇರುವ ಹೆಲ್ಮೆಟ್, ಎದೆಗೆ ಪ್ಯಾಡ್ ಇಲ್ಲದೆ ಇಳಿಯಬೇಡ.

ಇಷ್ಟೆಲ್ಲ ಸಾಮಾನು ಹೇಳಿದೆ. ಅದಕ್ಕಿಂತ ದೊಡ್ಡದು ಏಟು ಕೊಡುವವರ ಕೈ. ನಮ್ಮ ವರಸೆಯಲ್ಲಿ "ಅಗಾಕ್" ಅಂತ ಒಂದು ಕ್ರಮ ಇದೆ. ಸೆಬುವಾನೊ ಭಾಷೆಯಲ್ಲಿ ಅಗಾಕ್ ಅಂದರೆ ಕೈಹಿಡಿದು ನಡೆಸುವುದು, ಮಗುವನ್ನು ನಡೆಸುವ ಹಾಗೆ. ಗುರುವೇ ಏಟು ಕೊಡುತ್ತಾರೆ, ನಾವು ತಡೆಯುತ್ತೇವೆ. ನಮ್ಮ ಕೈ ಎಷ್ಟು ಬೇಗ ಬರುತ್ತದೋ ಅದಕ್ಕಿಂತ ಒಂದು ಕೂದಲೆಳೆ ಮಾತ್ರ ಜಾಸ್ತಿ ವೇಗ. ನನ್ನ ತಡೆ ತಪ್ಪಿದ ದಿನ ನೋಂಗ್ ಅವರ ಕೋಲು ನನ್ನ ಹುಬ್ಬಿನಿಂದ ಒಂದು ಬೆರಳಿನಷ್ಟು ದೂರದಲ್ಲಿ ಬಂದು ನಿಂತಿತ್ತು. ಅಲ್ಲಾಡದೆ. ಆಮೇಲೆ "ಹಿನಾಯ್-ಹಿನಾಯ್" ಅಂದರು. ನಿಧಾನ, ನಿಧಾನ. ಆವತ್ತೇ ಇವರ ಹತ್ತಿರವೇ ಕಲಿಯಬೇಕು ಅಂತ ತೀರ್ಮಾನ ಮಾಡಿದೆ. ನೀನೂ ನಿನ್ನ ಕ್ಲಾಸಿನಲ್ಲಿ ಇದನ್ನೇ ನೋಡು. ತಡೆ ತಪ್ಪಿದಾಗ ಯಾರ ಕೋಲು ನಿಲ್ಲುತ್ತದೆ, ಯಾರದ್ದು ನಿಲ್ಲುವುದಿಲ್ಲ? ನಿಲ್ಲದವರ ಜೊತೆ ಆಡಬೇಡ, ಅವರು ಎಷ್ಟೇ ದೊಡ್ಡ ಸೀನಿಯರ್ ಆಗಿರಲಿ.

ಚಾಕು ವರಸೆ. ಇದಕ್ಕೆ ನಮ್ಮಲ್ಲಿ ಒಂದು ನಿಯಮ ಇದೆ. ಆಡುವ ಜಾಗದಲ್ಲಿ ಹರಿತದ ಚಾಕು ಒಂದೂ ಇರಕೂಡದು. ಶುರು ಮಾಡುವ ಮುಂಚೆ ಎಲ್ಲರೂ ಜೇಬು ಖಾಲಿ ಮಾಡುತ್ತೇವೆ. ಬಾಕ್ಸ್ ಕಟರ್, ಕೀ ಗೊಂಚಲಿನ ಪುಟ್ಟ ಚಾಕು, ಎಲ್ಲ ಒಂದು ಬಿಸ್ಕತ್ ಡಬ್ಬಕ್ಕೆ ಹೋಗುತ್ತವೆ, ಡಬ್ಬ ಅಡುಗೆಮನೆಗೆ ಹೋಗುತ್ತದೆ. ಇದು ಅತಿಯಾಯಿತು ಅಂತ ನನಗೂ ಮೊದಲು ಅನಿಸಿತ್ತು. ಆದರೆ ನಾನು ಮೊದಲು ಕಲಿಯುತ್ತಿದ್ದ ಕಡೆ ಒಬ್ಬ ಹುಡುಗ ಮಾತಾಡುತ್ತಾ ಮಾತಾಡುತ್ತಾ, ತೋರಿಸಲು ಅಂತ ಜೇಬಿಗೆ ಕೈ ಹಾಕಿ ಅಲ್ಯೂಮಿನಿಯಂ ಚಾಕುವಿನ ಬದಲು ನಿಜವಾದದ್ದನ್ನು ತೆಗೆದ. ಎರಡೂ ಬೆಳ್ಳಿ ಬಣ್ಣ, ಎರಡೂ ಒಂದೇ ಉದ್ದ. ಎದುರಿಗಿದ್ದವನು ಎಂದಿನಂತೆ ಮಣಿಕಟ್ಟು ಹಿಡಿಯಲು ಹೋದ. ಹೆಬ್ಬೆರಳು, ತೋರುಬೆರಳಿನ ಮಧ್ಯದ ಮೆತ್ತನೆ ಜಾಗ ಸೀಳಿತು. ಆರು ಹೊಲಿಗೆ. ಆ ಜಾಗದಲ್ಲಿ ಯಾವ ನರ, ಯಾವ ಸ್ನಾಯು ಹೋಗುತ್ತದೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅದಕ್ಕೇ ಕಲಿಕೆಯ ಚಾಕು ಯಾವಾಗಲೂ ಬೇರೆ ಬಣ್ಣದ್ದು ಇರಲಿ. ನನ್ನದಕ್ಕೆ ಕಡು ಕಿತ್ತಳೆ ಪೇಂಟ್ ಬಳಿದಿದ್ದೇನೆ. ಅಲಗಿಲ್ಲದ ಅಲ್ಯೂಮಿನಿಯಂ ತುಂಡೂ ಕಣ್ಣಿಗೆ ಹೋದರೆ ಚಾಕುವೇ, ಆದ್ದರಿಂದ ಮೊದಲ ವರ್ಷ ಮೆತ್ತನೆ ರಬ್ಬರಿನದು ಸಾಕು. ಕನ್ನಡಕ ಕಡ್ಡಾಯ.

ಒಂದು ಸಲ ಹೀಗೆ ಮಾಡಿ ನೋಡು. ಹಳೆಯ ಬಿಳಿ ಟೀ ಶರ್ಟ್ ಹಾಕಿಕೊ. ರಬ್ಬರ್ ಚಾಕುವಿನ ಅಂಚಿಗೆ ಕೆಂಪು ಲಿಪ್‌ಸ್ಟಿಕ್ ಬಳಿ. ಜೊತೆಗಾರನಿಗೆ ಮೂವತ್ತು ಸೆಕೆಂಡು ತೋಚಿದ ಹಾಗೆ ಆಡಲು ಹೇಳು, ನೀನು ಬರಿಗೈಯಲ್ಲಿ ತಡೆ. ನಾನು ಇದನ್ನು ಮಾಡಿದಾಗ ಆರು ವರ್ಷ ಕಲಿತಿದ್ದೆ, ಎದುರಿಗಿದ್ದವಳು ಬಂದು ಎರಡು ತಿಂಗಳು. ಮುಂದೋಳಿನ ಮೇಲೆ ಏಳು ಗೆರೆ, ಹೊಟ್ಟೆಯ ಮೇಲೆ ಎರಡು, ಕತ್ತಿನ ಬಲಗಡೆ ಒಂದು. ಮನೆಗೆ ಬಂದು ಸೋಪು ಹಚ್ಚಿ ಕತ್ತಿನ ಗೆರೆ ತಿಕ್ಕುವಾಗ ಕೈ ನಡುಗಿತು. ಚಾಕು ತಡೆಯುವುದನ್ನು ಕಲಿಯುತ್ತಿದ್ದೇವೆ, ಆದ್ದರಿಂದ ಚಾಕುವಿನ ಎದುರು ನಿಲ್ಲಬಹುದು ಅನ್ನುವ ಭಾವನೆ ಆವತ್ತು ನನ್ನಿಂದ ಹೋಯಿತು. ರಾತ್ರಿ ಹತ್ತಕ್ಕೆ ಯಾರಾದರೂ ಅಡ್ಡ ಬಂದರೆ ಫೋನು ಕೊಡು, ಪರ್ಸು ಕೊಡು, ಓಡು. ಅದಕ್ಕೂ ಮೊದಲು, ಲೈಬ್ರರಿ ಬಾಗಿಲಿನಿಂದಲೇ ಗ್ರ್ಯಾಬ್ ಟ್ಯಾಕ್ಸಿ ಹತ್ತಿ ಬಾ.

ಈಗ ಕಾನೂನು. ಇಲ್ಲಿ ಬಾತಾಸ್ ಪಂಬಾನ್ಸಾ 6 ಅಂತ ಒಂದು ಕಾಯ್ದೆ ಇದೆ, 1978ರದು. ಮನೆಯ ಹೊರಗೆ ಹರಿತದ, ಚೂಪಾದ, ಅಥವಾ ಮೊಂಡಾದ ಆಯುಧ ಒಯ್ಯುವುದೇ ಅಪರಾಧ. ಚಾಕು, ಬೋಲೊ (ಇಲ್ಲಿಯ ಮಚ್ಚು), ಕ್ರಿಸ್ (ಅಲೆ ಅಲೆಯಾದ ಅಲಗಿನ ಕತ್ತಿ), ಈಟಿ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಶಿಕ್ಷೆ ಒಂದು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ 200ರಿಂದ 2,000 ಪೆಸೊ ದಂಡ, ಇಲ್ಲವೇ ಎರಡೂ. ದಂಡ ಚಿಕ್ಕದು ಅನಿಸಬಹುದು. ಆದರೆ ನೀನು ಸ್ಟೂಡೆಂಟ್ ವೀಸಾದಲ್ಲಿ ಇರುವವನು, ನಿನ್ನ ಮೇಲೆ ಒಂದು ಕ್ರಿಮಿನಲ್ ಕೇಸು ಬೀಳುವುದೇ ದೊಡ್ಡ ಶಿಕ್ಷೆ.

ಅದೇ ಕಾಯ್ದೆಯಲ್ಲಿ ವಿನಾಯಿತಿಯೂ ಇದೆ. ಹೊಟ್ಟೆಪಾಡಿಗೆ ಬೇಕಾದ ಉಪಕರಣವಾಗಿದ್ದರೆ, ಅಥವಾ ಕಾನೂನು ಒಪ್ಪುವ ಕೆಲಸಕ್ಕೆ ಬಳಸುತ್ತಿದ್ದರೆ ತಪ್ಪಲ್ಲ. ನಿನ್ನ ಅಪ್ಪನ ಹಾಗೆಯೇ ಇಲ್ಲಿಯ ರೈತ ಸೊಂಟಕ್ಕೆ ಬೋಲೊ ಕಟ್ಟಿಕೊಂಡು ತೆಂಗಿನ ತೋಟಕ್ಕೆ ಹೋಗುತ್ತಾನೆ, ಅವನನ್ನು ಯಾರೂ ಹಿಡಿಯುವುದಿಲ್ಲ. ನಿನ್ನ ಡಿಸೆಕ್ಷನ್ ಸೆಟ್ಟಿನ ಬ್ಲೇಡೂ ಕಾಲೇಜಿಗೆ ಹೋಗಿ ಬರುವ ದಾರಿಯಲ್ಲಿ ಹಾಗೇ. ಕ್ಲಾಸಿಗೆ ಒಯ್ಯುವ ಬೆತ್ತದ ಕೋಲೂ ಅಷ್ಟೆ, ಆದರೆ ಉದ್ದ ಚೀಲದಲ್ಲಿ ಹಾಕಿಕೊಂಡು ನೆಟ್ಟಗೆ ಕ್ಲಾಸಿಗೆ ಹೋಗು, ಕೈಯಲ್ಲಿ ತಿರುಗಿಸುತ್ತಾ ಮಾಲಿಗೆ ಹೋಗಬೇಡ. ರಾತ್ರಿ ಲೈಬ್ರರಿಯಿಂದ ಬರುವವನ ಬ್ಯಾಗಿನಲ್ಲಿ ಬಾಲಿಸಾಂಗ್ ಸಿಕ್ಕರೆ ನೀನು ಯಾವ ಕೆಲಸದ ಹೆಸರು ಹೇಳುತ್ತೀಯ? "ರಕ್ಷಣೆಗೆ" ಅಂದರೆ ಅದನ್ನು ಆಯುಧ ಅಂತ ನೀನೇ ಒಪ್ಪಿಕೊಂಡ ಹಾಗೆ. ಇಲ್ಲಿ ಮಾಲಿನ ಬಾಗಿಲಲ್ಲಿ, ಬಂದರಿನಲ್ಲಿ, ಎಲ್ಲ ಕಡೆ ಬ್ಯಾಗು ತೆರೆಸುತ್ತಾರೆ. ನಿಮ್ಮ ದಾವಾವೋದಲ್ಲಿ 2016ರಲ್ಲಿ ರೋಹಾಸ್ ರಾತ್ರಿ ಸಂತೆಯಲ್ಲಿ ಬಾಂಬ್ ಸಿಡಿದ ಮೇಲಂತೂ ತಪಾಸಣೆ ಇನ್ನೂ ಬಿಗಿ, ನಿನಗೆ ಗೊತ್ತೇ ಇರುತ್ತದೆ.

---

ಗರಡಿಮನೆ ಬರೆದದ್ದು:

ಅಕ್ಕ ಬರೆದದ್ದಕ್ಕೆ ಸೇರಿಸುವುದು ಕಡಿಮೆ. ನಾನು ಬೆಂಗಳೂರಿನಲ್ಲಿ ನಾಲ್ಕು ವರ್ಷದಿಂದ ಕಲಿಯುತ್ತಿದ್ದೇನೆ. ಊರಿಗೆ ತರುವ ಬಗ್ಗೆ ಹೇಳುತ್ತೇನೆ.

ವಿಮಾನದಲ್ಲಿ ಕೈಚೀಲದಲ್ಲಿ ಯಾವ ಚಾಕುವೂ ಆಗುವುದಿಲ್ಲ. ಕಲಿಕೆಯ ರಬ್ಬರ್ ಚಾಕುವನ್ನೂ, ಕೋಲನ್ನೂ ಚೆಕ್-ಇನ್‌ಗೆ ಹಾಕಿ. ನನ್ನ ಕೋಲುಗಳನ್ನು ಒಮ್ಮೆ ಸೆಕ್ಯೂರಿಟಿಯಲ್ಲಿ ಬಿಟ್ಟು ಬರಬೇಕಾಯಿತು. ಭಾರತದ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕು ಕತ್ತಿಗಳು ಆಯುಧದ ಪಟ್ಟಿಗೆ ಬರುತ್ತವೆ. ಮನೆಗೆಲಸ, ಬೇಸಾಯ, ಕಾರ್ಖಾನೆ ಕೆಲಸಕ್ಕೆ ಅಂತ ಮಾಡಿದವು ಬೇರೆ. ಬಾಲಿಸಾಂಗ್ ಅಷ್ಟು ಉದ್ದ ಇರುವುದಿಲ್ಲ ನಿಜ. ಆದರೆ ಅಳತೆ ಕಡಿಮೆ ಇದೆ ಅಂತ ಜೇಬಿನಲ್ಲಿ ಇಟ್ಟುಕೊಂಡು ತಿರುಗಬಹುದು ಅಂದುಕೊಳ್ಳಬೇಡಿ. ಹಬ್ಬ, ಚುನಾವಣೆ, ಗಲಾಟೆ ಸಮಯದಲ್ಲಿ ಪೇಪರಿನಲ್ಲಿ ಬರುತ್ತದಲ್ಲ, "ನಿಷೇಧಾಜ್ಞೆ ಜಾರಿ, ದೊಣ್ಣೆ, ಕತ್ತಿ, ಚೂರಿ, ಈಟಿ ಒಯ್ಯುವಂತಿಲ್ಲ" ಅಂತ. ಆವತ್ತು ನಿಮ್ಮ ಕೋಲೂ ದೊಣ್ಣೆಯೇ. ನಾವು ಅಂಥ ದಿನ ಕ್ಲಾಸಿಗೆ ಬರಿಗೈಯಲ್ಲಿ ಹೋಗುತ್ತೇವೆ, ಕೋಲು ಅಲ್ಲೇ ಇಟ್ಟಿರುತ್ತೇವೆ.

---

ಲೆಸ್ಟರ್_ಕನ್ನಡಿಗ ಬರೆದದ್ದು:

ಮೆಡಿಕಲ್ ಮುಗಿಸಿ ಇಂಗ್ಲೆಂಡಿಗೆ ಬರುವ ಯೋಚನೆ ಇದ್ದರೆ ಒಂದು ಮಾತು. ಇಲ್ಲಿ ಬಾಲಿಸಾಂಗ್ 1988ರಿಂದಲೇ ನಿಷೇಧಿತ ಆಯುಧಗಳ ಪಟ್ಟಿಯಲ್ಲಿದೆ. 2021ರಿಂದ ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧ. ನೆನಪಿಗೆ ಅಂತ ಸೂಟ್‌ಕೇಸಿನ ಮೂಲೆಯಲ್ಲಿ ಹಾಕಿಕೊಂಡು ಬಂದೀರಿ, ಬೇಡ. ಇಲ್ಲಿ ರಸ್ತೆಯಲ್ಲಿ ಕಾರಣವಿಲ್ಲದೆ ಒಯ್ಯಬಹುದಾದ್ದು ಲಾಕ್ ಆಗದ, 3 ಇಂಚು ಮೀರದ ಅಲಗಿನ ಮಡಚುವ ಚಾಕು ಮಾತ್ರ. ನಾವಿಲ್ಲಿ ಎಸ್ಕ್ರಿಮಾ ಆಡುವವರು ಕಾರಿನ ಡಿಕ್ಕಿಯಲ್ಲಿ ಕೋಲು ಬಿಟ್ಟಿರುವುದಿಲ್ಲ, ಕ್ಲಾಸು ಮುಗಿದ ರಾತ್ರಿಯೇ ಮನೆಯೊಳಗೆ ತರುತ್ತೇವೆ.

---

ಶಿರಸಿ_ದಾವಾವೋ ಬರೆದದ್ದು:

ಅಕ್ಕಾ, ಓದಿದ ತಕ್ಷಣ ಎದ್ದು ತೆಗೆದಿಟ್ಟೆ. ಕಪಾಟಿನಲ್ಲಿದೆ. ರೂಮ್‌ಮೇಟಿಗೂ ಓದಿ ಹೇಳಿದೆ, ಅವನೂ ಬ್ಯಾಗಿನಲ್ಲಿ ಇಡಬೇಡ ಅಂದ. ಲೆಸ್ಟರ್ ಸರ್, ಗರಡಿಮನೆ ಅಣ್ಣ, ಥ್ಯಾಂಕ್ಸ್.

ಇನ್ನೆರಡು ಕೇಳಲಾ? ನಮ್ಮ ಗುರುಗಳು ಒಳ್ಳೆಯವರು, ಅವರ ಕೋಲು ನಿಲ್ಲುತ್ತದೆ. ನಾನೊಬ್ಬನೇ ಕನ್ನಡಕ ಹಾಕಿಕೊಂಡು ಹೋದರೆ ಅವರ ಮೇಲೆ ನಂಬಿಕೆ ಇಲ್ಲ ಅಂತ ಆಗುವುದಿಲ್ವಾ? ಮತ್ತೆ ಈ ಬಾಲಿಸಾಂಗ್ ಬಿಚ್ಚುವುದನ್ನು ರೂಮಿನಲ್ಲೇ ಕಲಿಯಬಹುದಾ? ಪ್ರೀತಿಯಿಂದ ಕೊಟ್ಟದ್ದು, ಸುಮ್ನೆ ಮೂಲೆಯಲ್ಲಿಡಲು ಮನಸ್ಸಾಗುತ್ತಿಲ್ಲ.

---

ಬೆತ್ತದಕೋಲು ಬರೆದದ್ದು:

ಕನ್ನಡಕದ ವಿಷಯದಲ್ಲಿ ನನಗೂ ಇದೇ ಅಳುಕು ಇತ್ತು. ನೋಂಗ್ ಹತ್ತಿರ ಮೊದಲ ದಿನ ಹೋದಾಗ "ನನಗೆ ಒಮ್ಮೆ ಕಣ್ಣಿಗೆ ಪೆಟ್ಟಾಗಿದೆ, ಇದನ್ನು ಹಾಕಿಕೊಳ್ಳಲು ಅಪ್ಪಣೆ ಕೊಡಿ" ಅಂದೆ. ಅವರು ಕನ್ನಡಕ ಇಸಿದುಕೊಂಡು ತಮ್ಮ ಕಣ್ಣಿಗೆ ಹಾಕಿ ನೋಡಿದರು. ಮುಂದಿನ ವಾರ ಅವರ ಮೊಮ್ಮಗನಿಗೂ ಒಂದು ತರಿಸಿದ್ದರು. ನೀನೂ ಕ್ಲಾಸಿನ ಎದುರು ಕೇಳಬೇಡ. ಹತ್ತು ನಿಮಿಷ ಮುಂಚೆ ಹೋಗಿ, ಒಬ್ಬರೇ ಇದ್ದಾಗ, ಊದಿದ ಬೆರಳು ತೋರಿಸಿ ಹೇಳು. ಸರ್ಜನ್ ಆಗುವ ಆಸೆ ಇದೆ ಅನ್ನುವುದನ್ನೂ ಹೇಳು. ಶಿಷ್ಯನ ಕೈ ಉಳಿಯಲಿ ಅಂತ ಬಯಸದ ಗುರು ಯಾರು?

ಬಾಲಿಸಾಂಗ್ ಕಲಿಯಬಹುದು, ಖಂಡಿತ ಕಲಿ. ಬಟಾಂಗಾಸ್‌ನ ತಾಲ್ ಪಟ್ಟಣದಲ್ಲಿ ಬಾಲಿಸಾಂಗ್ ಅನ್ನುವ ಹೆಸರಿನ ಊರೇ ಇದೆ, ಅಲ್ಲಿಯ ಕಮ್ಮಾರರು ಕೈಯಲ್ಲಿ ಮಾಡುವ ಸಾಮಾನು ಅದು. ಗೌರವದಿಂದ ಇಟ್ಟುಕೊ. ಆದರೆ ಕಲಿಯಲು ಬೇರೆ ತಗೋ. ಅಲಗಿನ ಜಾಗದಲ್ಲಿ ತೂತು ತೂತಿನ ಮೊಂಡು ಪಟ್ಟಿ ಇರುವುದು ಸಿಗುತ್ತದೆ, ತೂಕ ಅಷ್ಟೇ ಇರುತ್ತದೆ. ನಿಜವಾದದ್ದನ್ನು ಒಮ್ಮೆ ಮೇಜಿನ ಮೇಲಿಟ್ಟು ನಿಧಾನಕ್ಕೆ ಬಿಡಿಸಿ ನೋಡು. ಎರಡು ಹಿಡಿಯಲ್ಲಿ ಒಂದು ಅಲಗಿನ ಹರಿತದ ಕಡೆಗೆ ಮಡಚಿಕೊಳ್ಳುತ್ತದೆ, ಅದೇ ಕಚ್ಚುವ ಹಿಡಿ. ಅದನ್ನು ಹಿಡಿದು ತಿರುಗಿಸಿದರೆ ಅಲಗು ನಿನ್ನ ಬೆರಳ ಗೆಣ್ಣಿನ ಮೇಲೆಯೇ ಬಂದು ಬೀಳುತ್ತದೆ. ಇನ್ನೊಂದು ಹಿಡಿ ಅಲಗಿನ ಬೆನ್ನಿನ ಕಡೆಯದು, ಕೈ ಇರಬೇಕಾದ್ದು ಅಲ್ಲಿ. ಸಾಮಾನ್ಯವಾಗಿ ಚಿಲಕ ಇರುವುದು ಕಚ್ಚುವ ಹಿಡಿಯಲ್ಲೇ, ಆದರೆ ಚಿಲಕ ನಂಬಬೇಡ, ಪ್ರತಿ ಸಲ ಕಣ್ಣಿಂದ ನೋಡಿಯೇ ಹಿಡಿ. ಕೈ ಜಾರಿದರೆ ಬೀಳಲು ಬಿಡು. ಬೀಳುವ ಚಾಕುವನ್ನು ಹಿಡಿಯಲು ಹೋಗಿಯೇ ಜಾಸ್ತಿ ಜನ ಕುಯ್ದುಕೊಳ್ಳುವುದು. ಬರಿಗಾಲಲ್ಲಿ ಆಡಬೇಡ, ಶೂ ಹಾಕು. ಮಂಚದ ಮೇಲೆ ಕೂತು ತೊಡೆಯ ಮೇಲಂತೂ ಬೇಡ.

ಊತ ಇಳಿಯುವವರೆಗೆ ಬಲಗೈಗೆ ರಜೆ ಕೊಡು. ಎಡಗೈಯಲ್ಲಿ ವರಸೆಯ ಹನ್ನೆರಡು ಮೂಲ ಏಟು ಹೊಡೆ, ಗೋಡೆಗೆ ಮುಖ ಮಾಡಿ, ಒಬ್ಬನೇ, ನಿಧಾನಕ್ಕೆ. ಸೆಬುವಿಗೆ ಜನವರಿಯಲ್ಲಿ ಸಿನುಲೋಗ್ ಹಬ್ಬಕ್ಕೆ ಬರುವುದಿದ್ದರೆ ಮುಂಚೆ ಬರೆ. ನೋಂಗ್ ಅವರ ಹಿತ್ತಲಿಗೆ ಕರೆದುಕೊಂಡು ಹೋಗುತ್ತೇನೆ, ಮಧ್ಯಾಹ್ನಕ್ಕೆ ಬಿಸಿಬೇಳೆ ಭಾತ್ ಮಾಡಿರುತ್ತೇನೆ.